ಎರಡು ಸಲ ಬಂದ ಮೇಷ್ಟ್ರು

ಆ ಗುರುವಾರ ಮಧ್ಯಾಹ್ನ ಹಲಸೂರಿನಲ್ಲಿ ಸುಮ್ಮನೆ ಕೂತವರು ಯಾರೂ ಇರಲಿಲ್ಲ. ಮಾರನೆಯ ದಿನ ಬೆಳಗಿನ ರೈಲಿಗೆ ಹೈಸ್ಕೂಲಿನ ಹೊಸ ಫುಟ್‌ಬಾಲ್ ಮೇಷ್ಟ್ರು ಬರುವವರಿದ್ದರು. ಗಂಡಸರು ಚಪ್ಪರದ ಕಂಬ ನೆಡಲು ಹೋಗಿದ್ದರು. ಹೆಂಗಸರು ರೇಷನ್ ಅಕ್ಕಿಯಲ್ಲೇ ಅಷ್ಟಿಷ್ಟು ಉಳಿಸಿ ಸೋಮೇಶ್ವರನ ಗುಡಿಯ ಹಿಂದೆ ಕಜ್ಜಾಯ ಕರಿಯುತ್ತಿದ್ದರು. ಶಾಲಾ ಕಮಿಟಿಯ ಯಜಮಾನರಾದ ಮುನಿರಾಜಪ್ಪನವರ ಮಗಳು ಆದಿಲಕ್ಷ್ಮಿ ಮಾತ್ರ ಮನೆಯ ಜಗಲಿಯ ಮೇಲೆ ಒಬ್ಬಳೇ ಕೂತು, ಸಿಟ್ಟನ್ನೆಲ್ಲ ಮಾವಿನೆಲೆಗಳ ಮೇಲೆ ತೀರಿಸಿಕೊಳ್ಳುತ್ತ ತೋರಣ ಕಟ್ಟುತ್ತಿದ್ದಳು.

"ಕುಡಿಯೋಕೆ ಸ್ವಲ್ಪ ನೀರು ಸಿಗುತ್ತಾ ರೀ?"

ಆದಿಲಕ್ಷ್ಮಿ ತಲೆ ಎತ್ತಿದಳು. ಬಿದಿರಿನ ಗಳುವಿನಂಥ ಎತ್ತರದ ಆಳು, ಹೆಗಲ ಮೇಲೊಂದು ತಗಡಿನ ಪೆಟ್ಟಿಗೆ. ಹುಬ್ಬು, ಕಣ್ಣರೆಪ್ಪೆ ಎಲ್ಲ ಕೆಂಪು ಧೂಳು. ಆ ಧೂಳಿನ ನಡುವೆ ಎರಡು ಕಣ್ಣು ಮಾತ್ರ ಬಾಯಾರಿಕೆಯಲ್ಲೂ ನಗುತ್ತಿದ್ದವು.

"ಬ್ಯಾಂಡಿನವರು ನಾಳೆ ತಾನೇ ಬರಬೇಕಿದ್ದಿದ್ದು?" ಎಂದಳು.

"ನಾನು ಬ್ಯಾಂಡಿನವನ ಥರ ಕಾಣ್ತೀನಾ?"

"ಪೆಟ್ಟಿಗೇಲಿ ತುತ್ತೂರಿ ಇಲ್ವಾ?"

ಅವನು ಒಂದು ಗಳಿಗೆ ಯೋಚಿಸಿದ. "ಊದೋ ಸಾಮಾನು ಒಂದಿದೆ, ಸುಳ್ಳು ಹೇಳಲ್ಲ."

ಅವಳು ಚೊಂಬಿನ ತುಂಬ ಮಜ್ಜಿಗೆ ತಂದುಕೊಟ್ಟಳು. ಅವನು ಒಂದೇ ಉಸಿರಿಗೆ ಅರ್ಧ ಮುಗಿಸಿ, ಬೀದಿಯುದ್ದಕ್ಕೂ ಕಟ್ಟಿದ್ದ ಬಾಳೆಕಂದುಗಳನ್ನು ನೋಡಿದ. "ಯಾರಿಗೆ ಇಷ್ಟೊಂದು ಸಂಭ್ರಮ? ರೆಸಿಡೆಂಟ್ ದೊರೆ ಬರ್ತಾನಾ?"

ಇಷ್ಟು ಕೇಳಿದ್ದೇ ತಡ. ಎರಡು ದಿನದಿಂದ ಆದಿಲಕ್ಷ್ಮಿಯ ಹೊಟ್ಟೆಯೊಳಗೆ ಕುದಿಯುತ್ತಿದ್ದದ್ದು ಉಕ್ಕಿ ಹೊರಗೆ ಬಂತು.

"ದೊರೆ ಬಂದಿದ್ರೂ ಇಷ್ಟು ಮಾಡ್ತಿರಲಿಲ್ಲ. ಫುಟ್‌ಬಾಲ್ ಮೇಷ್ಟ್ರಂತೆ! ಹಿಂದೆ ಇದ್ದ ಮೂರು ಜನಾನೂ ನಿಲ್ಲಲಿಲ್ಲ. ಒಬ್ಬರು ಯುದ್ಧಕ್ಕೆ ಹೋದ್ರು, ಒಬ್ಬರು ಹೈದರಾಬಾದಿಗೆ ಹೋದ್ರು, ಇನ್ನೊಬ್ಬರು ಹೇಳದೆ ಕೇಳದೆ ಹೋದ್ರು. ಇವರನ್ನ ಬಿಡಬಾರದು ಅಂತ ನಮ್ಮಪ್ಪ ನನ್ನ ಕೊಟ್ಟು ಮದುವೆ ಮಾಡ್ತಾರಂತೆ. ಎತ್ತು ಓಡಿಹೋಗದ ಹಾಗೆ ಗೂಟ ಹೊಡೀತಾರಲ್ಲ, ಆ ಗೂಟ ನಾನು. ನನ್ನ ಒಂದು ಮಾತು ಕೇಳಿದ್ರಾ? ಇಲ್ಲ. ಸೀರೆ ತಂದಿಟ್ಟಿದ್ದಾರೆ!"

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ. ಆದರೆ ಹಲಸೂರಿನವರನ್ನು ತೀರಾ ಹಳಿಯುವ ಹಾಗೂ ಇಲ್ಲ. ಯುದ್ಧ ಮುಗಿದು, ಕೆರೆಯಂಚಿನ ಮೈದಾನದಿಂದ ಸೋಲ್ಜರುಗಳ ಡೇರೆಗಳು ಎದ್ದು, ಹುಡುಗರಿಗೆ ಆಡಲು ಜಾಗ ಸಿಕ್ಕಿತ್ತು. ಹಿಂದಿನ ವರ್ಷ ದಂಡಿನ ಇಂಗ್ಲಿಷ್ ಸ್ಕೂಲಿನವರ ಕೈಯಲ್ಲಿ ಏಳು ಗೋಲು ತಿಂದು ಬಂದ ಮಕ್ಕಳನ್ನು ನೋಡಿ ಇಡೀ ಊರು ಎರಡು ದಿನ ಸಪ್ಪಗಿತ್ತು.

"ಹುಡುಗ ಹೇಗಿದ್ದಾನಂತೆ?" ಅವನು ಮಜ್ಜಿಗೆಯ ಚೊಂಬಿನೊಳಗೆ ನೋಡುತ್ತ ಕೇಳಿದ.

"ಯಾರು ನೋಡಿದಾರೆ? ಚಿನ್ನದ ಗಣಿ ಕಡೆಯವರು, ಹೆಸರು ಬೈಲಪ್ಪ. ದೊಡ್ಡ ಹೊಟ್ಟೆ, ದೊಡ್ಡ ಮೀಸೆ ಎರಡೂ ಇರುತ್ತೆ, ಬರೆದಿಟ್ಕೊಳ್ಳಿ."

ಅವನು ಮೊದಲು ತನ್ನ ಮೇಲ್ದುಟಿ ಸವರಿಕೊಂಡ. ಆಮೇಲೆ ಬೆನ್ನಿಗಂಟಿದ ಹೊಟ್ಟೆ ಮುಟ್ಟಿ ನೋಡಿಕೊಂಡ. "ಎರಡೂ ಇಲ್ವಲ್ಲ ರೀ," ಎಂದ ಮೆಲ್ಲಗೆ. "ನಾನೇ ಬೈಲಪ್ಪ. ಊದೋ ಸಾಮಾನು ಅಂದೆನಲ್ಲ, ಅದು ವಿಷಲ್ಲು. ಗಣಿಯ ಲಾರಿ ಒಂದು ದಂಡಿಗೆ ಬರೋದಿತ್ತು, ಒಂದು ದಿನ ಮುಂಚೆ ಆದರೆ ಆಯ್ತು ಅಂತ ಹತ್ತಿಬಿಟ್ಟೆ."

ಆದಿಲಕ್ಷ್ಮಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಕಿವಿಯ ತುದಿಯವರೆಗೆ ಕೆಂಪೇರಿತು. ಅಷ್ಟರಲ್ಲಿ ಒಳಗಿನ ಗೋಡೆ ಗಡಿಯಾರ ಎರಡು ಹೊಡೆಯಿತು. ಅವಳ ನಾಚಿಕೆಯೆಲ್ಲ ಹಾರಿಹೋಯಿತು.

"ಅಯ್ಯೋ, ರಾಹುಕಾಲ! ರಾಹುಕಾಲದಲ್ಲಿ ಬಂದ್ಬಿಟ್ರಲ್ರೀ!"

ಹಿಂದಿನ ಮೂವರನ್ನೂ ಊರು ಸರಿಯಾಗಿ ಬರಮಾಡಿಕೊಳ್ಳಲಿಲ್ಲ, ಅದಕ್ಕೇ ಅವರು ನಿಲ್ಲಲಿಲ್ಲ ಎಂಬುದು ಹಿರಿಯರ ತೀರ್ಮಾನ. ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಹಾಗೆ ಈ ಸಲ ಪಂಚಾಂಗ ನೋಡಿಸಿ, ಶುಕ್ರವಾರದ ಗಳಿಗೆ ಇಡಿಸಿದ್ದರು. ಆ ಸೊಸೆ ಹೀಗೆ ಗುರುವಾರ ರಾಹುಕಾಲದಲ್ಲಿ ಧೂಳು ಮೆತ್ತಿಕೊಂಡು ಜಗಲಿಯ ಮೇಲೆ ಕೂತಿರುವುದು ಗೊತ್ತಾದರೆ ಅಪ್ಪನ ಎದೆಯೊಡೆದು ಹೋಗುತ್ತಿತ್ತು. ಅಪ್ಪನ ಮೇಲೆ ಎಷ್ಟು ಸಿಟ್ಟಿದ್ದರೂ ಅದನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ.

"ನೋಡಿ, ನೀವಿನ್ನೂ ಬಂದಿಲ್ಲ," ಎಂದಳು ಗಟ್ಟಿಯಾಗಿ.

"ಬಂದಿಲ್ವಾ?"

"ಇಲ್ಲ. ನಾಳೆ ಬರ್ತೀರಿ."

ಎದುರು ಮನೆಯ ಜಟಕಾ ಸಾಬರು ಇನಾಯತ್ ಉಲ್ಲಾ ಕುದುರೆಗೆ ಹುಲ್ಲು ಹಾಕುತ್ತಿದ್ದರು. ಅವಳು ಓಡಿಹೋಗಿ ವಿಷಯ ಹೇಳಿದಳು. ಅವರು ಗಡ್ಡದೊಳಗೇ ನಕ್ಕರು. "ಫಿಕರ್ ಮಾಡ್ಬೇಡ ಬೇಟಿ. ಗಾಡಿಗೆ ಪರದಾ ಕಟ್ಬಿಡ್ತೀನಿ, ಯಾರೂ ಒಳಗೆ ಇಣುಕಲ್ಲ. ಕೃಷ್ಣರಾಜಪುರದ ಛತ್ರದಲ್ಲಿ ಇಳಿಸ್ತೀನಿ. ನಾಳೆ ಬೆಳಿಗ್ಗೆ ಅಲ್ಲಿಂದ ರೈಲು ಹತ್ತಲಿ, ದಂಡು ಸ್ಟೇಷನ್‌ನಲ್ಲಿ ಜಂ ಅಂತ ಇಳೀಲಿ." ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಬೈಲಪ್ಪ ಮಡಚಿದ ಕೊಡೆಯ ಹಾಗೆ ಮೈಯನ್ನು ಮುದುರಿಕೊಂಡು ಜಟಕಾದೊಳಗೆ ತೂರಿದ. ಪರದೆಯ ಸಂದಿನಿಂದ ಅವನ ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣು ಈಗ ನಗುತ್ತಿರಲಿಲ್ಲ.

"ಇನ್ನೊಂದು ಮಾತು. ನಿಮ್ಮ ತಂದೆ ಮದುವೆ ವಿಚಾರ ಎತ್ತಿದ್ರೆ ನಾನೇ ಬೇಡ ಅಂತೀನಿ. ನಿಮ್ಮ ಮೇಲೆ ಮಾತು ಬರೋಕೆ ಬಿಡಲ್ಲ."

"ನಿಜವಾಗ್ಲೂ?"

"ಮಜ್ಜಿಗೆ ಕುಡಿದ ಮನೆ ರೀ. ಮಾತು ತಪ್ಪಲ್ಲ."

ಜಟಕಾ ಬೀದಿಯ ತಿರುವಿಗೆ ಹೋಗುವಷ್ಟರಲ್ಲಿ ಎದುರಿಗೆ ಮುನಿರಾಜಪ್ಪನವರೇ ಬರಬೇಕೆ! "ಯಾರು ಸಾಬ್ರೇ ಒಳಗೆ?" ಎಂದು ಕೂಗಿ ಕೇಳಿದರು. "ನಮ್ಮ ಬೀಬಿ ತಂಗಿ, ಯಜಮಾನ್ರೇ," ಎಂಬ ಉತ್ತರ ಬಂತು. ಮುನಿರಾಜಪ್ಪ ಮರ್ಯಾದೆಯಿಂದ ಗೋಡೆಯ ಕಡೆ ಮುಖ ತಿರುಗಿಸಿ ನಿಂತರು. ಜಗಲಿಯ ಮೇಲಿದ್ದ ಆದಿಲಕ್ಷ್ಮಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು.

ಶುಕ್ರವಾರ ಹೊಸ ಮೇಷ್ಟ್ರು ಮುಖ ತೊಳೆದು, ಇಸ್ತ್ರಿ ಅಂಗಿ ತೊಟ್ಟು, ಶುಭ ಗಳಿಗೆಯಲ್ಲಿ ದಂಡು ಸ್ಟೇಷನ್ನಿನಲ್ಲಿ ಇಳಿದರು. ಬ್ಯಾಂಡು ಬಾರಿಸಿತು. ಹಾರಗಳ ಮೇಲೆ ಹಾರ ಬಿದ್ದು ಅವರ ಮೂಗಿನವರೆಗೂ ಚೆಂಡುಹೂವು ಬಂತು. ಚಪ್ಪರದ ಬಾಗಿಲಲ್ಲಿ ಆದಿಲಕ್ಷ್ಮಿ ಆರತಿ ತಟ್ಟೆ ಹಿಡಿದು ನಿಂತಿದ್ದಳು.

"ಪ್ರಯಾಣ ಸುಖವಾಗಿತ್ತಾ?" ಎಂದು ಮುನಿರಾಜಪ್ಪ ವಿಚಾರಿಸಿದರು.

"ಬಹಳ ಸುಖವಾಗಿತ್ತು. ದಾರಿ ತೋರಿಸಿದವರು ಒಳ್ಳೆಯವರು ಸಿಕ್ಕಿದ್ರು."

ಅವಳು ಆರತಿ ಎತ್ತಿದಳು. ಅವನು ತಲೆ ಬಗ್ಗಿಸಿ, ತುಟಿ ಅಲುಗಿಸದೆ ಕೇಳಿದ, "ಇವತ್ತು ಬಂದೆನಾ?"

"ಬಂದ್ರಿ," ಎಂದಳು ಅವಳೂ ತುಟಿ ಅಲುಗಿಸದೆ. ದೀಪದ ಬೆಳಕಿನಲ್ಲಿ ಅವನ ಕಣ್ಣರೆಪ್ಪೆಗಳು ಧೂಳಿಲ್ಲದೆ ಎಷ್ಟು ಕಪ್ಪಗಿವೆ ಎಂದು ಅವಳಿಗೆ ಆಗ ಕಂಡಿತು.

ಅಂದಿನಿಂದ ದಿನಾ ಸಂಜೆ ಮೈದಾನದಿಂದ ವಿಷಲ್ಲು ಕೇಳಿಸತೊಡಗಿತು. ಬೈಲಪ್ಪ ಬರಿಗಾಲಿನ ಹುಡುಗರಿಗೆ ಕಣಕಾಲಿಗೆ ಬಟ್ಟೆ ಸುತ್ತುವುದನ್ನು ಕಲಿಸಿದ, ಚೆಂಡನ್ನು ನೆಲದ ಮೇಲೇ ಉರುಳಿಸಿ ಒಬ್ಬರಿಗೊಬ್ಬರು ದಾಟಿಸುವುದನ್ನು ಕಲಿಸಿದ. ಕಮಿಟಿಯ ಕೆಲಸವೆಂದು ವಾರಕ್ಕೆ ಒಂದೆರಡು ಸಲ ಮುನಿರಾಜಪ್ಪನವರ ಮನೆಗೂ ಬಂದ. ಬಂದಾಗಲೆಲ್ಲ ಆದಿಲಕ್ಷ್ಮಿ ಮಜ್ಜಿಗೆ ತಂದಿಡುವಳು. ಅಪ್ಪ ಒಳಗೆ ಹೋಗುವಷ್ಟು ಹೊತ್ತು ಇಬ್ಬರಿಗೂ ಮಾತು ಸಿಗುತ್ತಿತ್ತು.

"ಏನು, ಮೀಸೆ ಬಿಡ್ತಿರೋ ಹಾಗಿದೆ?"

"ಯಾರೋ ಬರೆದಿಟ್ಕೊಳ್ಳಿ ಅಂದಿದ್ರು. ಅವರ ಮಾತು ಸುಳ್ಳಾಗಬಾರದಲ್ಲ."

"ಹಾಗಾದ್ರೆ ಹೊಟ್ಟೆ?"

"ಮಜ್ಜಿಗೆ ಬದಲು ತುಪ್ಪ ಕೊಟ್ಟು ನೋಡಿ."

ಅವಳು ನಕ್ಕು ಒಳಗೆ ಓಡುವಳು. ಓಡಿದವಳು ಕಿಟಕಿಯ ಹತ್ತಿರ ನಿಲ್ಲುವಳು. ಅವನು ಹೋಗುವಾಗ ತಿರುವಿನಲ್ಲಿ ತಿರುಗಿ ನೋಡುತ್ತಾನೆ ಎಂದು ಅವಳಿಗೆ ಗೊತ್ತು. ಅವಳು ಕಿಟಕಿಯಲ್ಲಿರುತ್ತಾಳೆ ಎಂದು ಅವನಿಗೂ ಗೊತ್ತು. ಪ್ರೀತಿ ಅನ್ನುವುದು ಯಾವತ್ತು ಬಂತೆಂದು ಅವಳು ಹೇಳಲಾರಳು. ಒಂದು ಸಂಜೆ ವಿಷಲ್ಲು ಕೇಳಿಸದೆ ಹೋದಾಗ, ಅವನಿಗೆ ಜ್ವರವಂತೆ ಎಂದು ತಿಳಿದಾಗ, ಅವಳು ಕಲಸಿದ ಅನ್ನ ಬಿಟ್ಟು ಎದ್ದಳು. ಆಗ ಅವಳಿಗೆ ಅರ್ಥವಾಯಿತು. ಬೈಲಪ್ಪನಿಲ್ಲದೆ ತನಗೆ ಆಗುವುದಿಲ್ಲ, ಅಷ್ಟೇ.

ದಂಡಿನ ಸ್ಕೂಲಿನ ಮೇಲೆ ಮ್ಯಾಚು ಬಂತು. ಹಲಸೂರು ಸೋತಿತು. ಆದರೆ ಒಂದೇ ಗೋಲಿನಿಂದ ಸೋತಿತು, ಅದೂ ತಾನೊಂದು ಗೋಲು ಹೊಡೆದ ಮೇಲೆ! ಊರಿನವರು ಗೆದ್ದವರಿಗಿಂತ ಜೋರಾಗಿ ಪಟಾಕಿ ಹೊಡೆದು, ಮೇಷ್ಟ್ರನ್ನು ಹೆಗಲ ಮೇಲೆ ಹೊತ್ತು ತಂದು ಮುನಿರಾಜಪ್ಪನವರ ಜಗಲಿಯ ಮೇಲೆ ಇಳಿಸಿದರು. ಆ ಸಂತೋಷದಲ್ಲೇ ಮುನಿರಾಜಪ್ಪ ಎಲ್ಲರೆದುರು ಕೇಳಿಯೇಬಿಟ್ಟರು.

"ಮೇಷ್ಟ್ರೇ, ಗಣಿ ಕಡೆ ಇದ್ರೂ ನಿಮ್ಮ ಹಿರಿಯರು ಹೊಸಕೋಟೆಯವರು, ನಮ್ಮ ಪೈಕಿಯವರೇ. ನನ್ನ ಮಗಳನ್ನ ಮಾಡ್ಕೊಳ್ಳಿ."

ಬಾಗಿಲ ಹಿಂದಿದ್ದ ಆದಿಲಕ್ಷ್ಮಿ ಚಿಲಕವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹೂಂ ಅನ್ನಿ, ಹೂಂ ಅನ್ನಿ ಎಂದು ಮನಸ್ಸು ಜಪ ಮಾಡಿತು.

ಬೈಲಪ್ಪನ ಮುಖ ಒಂದು ಗಳಿಗೆ ಬಾಡಿತು. "ಕ್ಷಮಿಸಬೇಕು ಯಜಮಾನ್ರೇ," ಎಂದ. "ಆ ಮಾತು ಬೇಡ. ನನಗೆ ಆಗಲ್ಲ." ಹೇಳಿ ಬಾಗಿಲ ಕಡೆ ಒಮ್ಮೆ ನೋಡಿದ. ಕೊಟ್ಟ ಮಾತು ನಡೆಸಿದ್ದೇನೆ, ನೋಡಿ ಎನ್ನುವ ಹಾಗಿತ್ತು ಆ ನೋಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತು ತಾನೇ ಖುಷಿಯಿಂದ ಪಡೆದುಕೊಂಡ ಮಾತು ಈಗ ತನ್ನ ಮೇಲೇ ಬಂದು ಬಿದ್ದಿತ್ತು. ಆದಿಲಕ್ಷ್ಮಿ ಹಿತ್ತಲಿಗೆ ಹೋಗಿ ಅತ್ತಳು. ಅವಳ ತಾಯಿ ಗೋವಿಂದಮ್ಮ ಬೆರಗಾದರು. "ನೀನೇ ತಾನೇ ಬೇಡ ಬೇಡ ಅಂತಿದ್ದೆ? ಈಗ ಅವರೂ ಬೇಡ ಅಂದ್ರೆ ಯಾಕೆ ಅಳ್ತೀಯ?"

"ಗೊತ್ತಿಲ್ಲಮ್ಮ," ಎಂದಳು. ಗೊತ್ತಿಲ್ಲದೆ ಏನು!

ಆಮೇಲೆ ಅವನು ಮನೆಯ ಕಡೆ ಬರುವುದು ನಿಂತುಹೋಯಿತು. ಹದಿನೈದು ದಿನವೂ ಕಳೆದಿರಲಿಲ್ಲ, ಮದ್ರಾಸಿನ ದೊಡ್ಡ ಕ್ಲಬ್ಬೊಂದು ಮೇಷ್ಟ್ರನ್ನು ದುಪ್ಪಟ್ಟು ಸಂಬಳಕ್ಕೆ ಕರೆದಿದೆಯಂತೆ ಎಂಬ ಸುದ್ದಿ ಹಬ್ಬಿತು. ಊರಿಗೆ ಊರೇ ತಲೆಯ ಮೇಲೆ ಕೈ ಹೊತ್ತು ಕೂತಿತು.

ಆ ಸಂಜೆ ಹುಡುಗರೆಲ್ಲ ಮನೆಗೆ ಹೊರಟ ಮೇಲೆ ಆದಿಲಕ್ಷ್ಮಿ ಕೆರೆಯ ಏರಿ ಇಳಿದು ಮೈದಾನಕ್ಕೆ ಹೋದಳು. ನೋಡಿದವರು ನೋಡಲಿ ಎಂದು ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡೇ ಹೋದಳು. ಬೈಲಪ್ಪ ಒಬ್ಬನೇ ಕೂತು ಚೆಂಡಿನ ಮೇಲಿನ ಕೆಸರು ಒರೆಸುತ್ತಿದ್ದ. ಅವಳನ್ನು ಕಂಡು ತಟ್ಟನೆ ಎದ್ದು ನಿಂತ.

"ಅವತ್ತು ನೀವು ಕೊಟ್ಟ ಮಾತಿದೆಯಲ್ಲ," ಎಂದಳು, "ಅದು ನನಗೆ ಬೇಡ. ವಾಪಸ್ ತಗೊಳ್ಳಿ."

ಅವನು ಅವಳನ್ನೇ ನೋಡಿದ. ಆಸೆಯೂ ಅನುಮಾನವೂ ಆ ಕಣ್ಣುಗಳಲ್ಲಿ ಒಂದರ ಹಿಂದೊಂದು ಬಂದುಹೋದವು. "ಊರಿನವರು ಕಳಿಸಿದ್ರಾ?"

"ಯಾರೂ ಕಳಿಸಿಲ್ಲ."

"ನಾನು ಹೋಗ್ಬಿಡ್ತೀನಿ ಅಂತ ಎಲ್ರೂ ಹೆದರಿಕೊಂಡಿದ್ದಾರೆ. ನೀವು ಇವತ್ತೇ ಬಂದಿದ್ದೀರಿ. ನನಗೆ ಹೇಗೆ ಗೊತ್ತಾಗಬೇಕು ಆದಿಲಕ್ಷ್ಮಿ? ಈ ಊರನ್ನ ಉಳಿಸೋಕೆ ನಿಮ್ಮ ಜೀವನ ಕೊಡ್ತಿದ್ದೀರೇನೋ ಅಂತ ಅನ್ನಿಸಿದ್ರೆ, ಆ ಮದುವೆ ನನಗೆ ಬೇಡ."

ಅವನ ಬಾಯಲ್ಲಿ ತನ್ನ ಹೆಸರನ್ನು ಅವಳು ಕೇಳಿದ್ದು ಅದೇ ಮೊದಲು. ಒಳಗೆ ಏನೋ ಕರಗಿತು. ಆದರೂ ಅವಳು ನೆಟ್ಟಗೆ ನಿಂತಳು.

"ಹಾಗಾದ್ರೆ ಮದ್ರಾಸಿಗೆ ಹೋಗಿ," ಎಂದಳು. "ನಾನೂ ಬರ್ತೀನಿ."

"ಏನಂದ್ರಿ?"

"ಊರಿಗೆ ಬೇರೆ ಮೇಷ್ಟ್ರು ಸಿಗ್ತಾರೆ. ಸಿಗದಿದ್ರೆ ಇನ್ನೂ ಏಳು ಗೋಲು ತಿನ್ನಲಿ. ನನಗೆ ನೀವು ಬೇಕು. ಮದ್ರಾಸಿಗೆ ಅಂದ್ರೆ ಮದ್ರಾಸಿಗೆ, ಗಣಿಗೆ ಅಂದ್ರೆ ಗಣಿಗೆ. ಎಲ್ಲಿಗೆ ಹೋದ್ರೂ ನಾನು ಬರ್ತೀನಿ."

ಬೈಲಪ್ಪನ ಕೈಯಿಂದ ಚೆಂಡು ಜಾರಿ ಕೆಸರಿನಲ್ಲೇ ಬಿತ್ತು. ಅದನ್ನು ಎತ್ತಿಕೊಳ್ಳುವ ಯೋಚನೆ ಅವನಿಗೆ ಬರಲಿಲ್ಲ. ಮೊದಲು ಅವನ ಕಣ್ಣು ನಕ್ಕವು, ಆಮೇಲೆ ಚಿಗುರು ಮೀಸೆ ನಕ್ಕಿತು, ಆಮೇಲೆ ಅವನು ಇಡಿಯಾಗಿ ನಕ್ಕ.

"ಮದ್ರಾಸಿಗೆ ಬರಲ್ಲ ಅಂತ ನಾನು ಮೊನ್ನೇನೇ ಬರೆದುಹಾಕಿಬಿಟ್ಟೆ."

"ಯಾಕೆ?"

"ಇಲ್ಲೊಬ್ಬರು ಮನಸ್ಸು ಬದಲಾಯಿಸ್ತಾರೇನೋ ಅಂತ. ಬದಲಾಯಿಸದಿದ್ರೂ, ಇಲ್ಲಿದ್ರೆ ಆ ಕಿಟಕೀಲಾದ್ರೂ ಕಾಣ್ತಾರಲ್ಲ ಅಂತ."

"ಮತ್ತೆ ಮೊದಲೇ ಹೇಳಬಾರದಿತ್ತಾ!" ಅವಳಿಗೆ ನಗು, ಅಳು, ಸಿಟ್ಟು ಮೂರೂ ಒಟ್ಟಿಗೇ ಬಂದವು.

"ಹೇಳಿದ್ರೆ, ಎಲ್ಲಿಗಾದ್ರೂ ಬರ್ತೀನಿ ಅಂತಿದ್ರಾ?"

ಇಬ್ಬರೂ ಹಾಡುಹಗಲಿನ ಹಾಗೆ, ಎಲ್ಲರೂ ನೋಡುತ್ತಿರುವಂತೆಯೇ ಕೆರೆಯ ಏರಿಯ ಮೇಲೆ ಜೊತೆಯಾಗಿ ನಡೆದು ಬಂದರು. ಜಗಲಿಯ ಮೇಲಿದ್ದ ಮುನಿರಾಜಪ್ಪ ಎದ್ದು ನಿಂತರು. ಬೈಲಪ್ಪ ಬಾಯಿ ತೆರೆಯುವ ಮೊದಲೇ ಆದಿಲಕ್ಷ್ಮಿ ಮುಂದೆ ಬಂದಳು.

"ಅಪ್ಪ, ನಾನೇ ಹೋಗಿ ಇವರನ್ನ ಕೇಳಿದೆ. ಊರಿಗೋಸ್ಕರ ಅಲ್ಲ, ನನಗೋಸ್ಕರ. ಇವರು ಒಪ್ಪಿದ್ದಾರೆ."

ಮುನಿರಾಜಪ್ಪನವರ ಮುಖ ಮೆತ್ತಗಾಯಿತು. ಮಗಳ ತಲೆಯ ಮೇಲೆ ಕೈಯಿಟ್ಟರು. "ನಾನು ಮೊದಲೇ ನಿನ್ನ ಕೇಳಬೇಕಾಗಿತ್ತು ಕಣಮ್ಮ," ಎಂದರು.

"ಈಗ ಕೇಳಿ ಅಪ್ಪ."

ಆ ಬೀದಿಯಲ್ಲಿ ಯಾವ ತಂದೆಯೂ ಯಾವ ಮಗಳನ್ನೂ ಕೇಳಿರದಿದ್ದ ಮಾತನ್ನು ಮುನಿರಾಜಪ್ಪ ಗಂಟಲು ಸರಿಮಾಡಿಕೊಂಡು ಕೇಳಿದರು. "ಈ ಹುಡುಗ ನಿನಗೆ ಒಪ್ಪಿಗೆಯೇನಮ್ಮ?"

"ಒಪ್ಪಿಗೆ!" ಎಂದಳು ಆದಿಲಕ್ಷ್ಮಿ. ಅವಳು ಹೇಳಿದ್ದು ಎಷ್ಟು ಜೋರಾಗಿತ್ತೆಂದರೆ, ಎದುರು ಮನೆಯ ಇನಾಯತ್ ಉಲ್ಲಾ ಅಲ್ಲಿಂದಲೇ "ಮುಬಾರಕ್ ಬೇಟಿ!" ಎಂದು ಕೂಗಿದರು.