ದೇವರ ಕೋಣೆಯ ಒದ್ದೆ

"ನಾಳೆ ಬೆಳಗ್ಗೆ ನಾಯಿ ಹಿಡಿಯೋ ಗಾಡಿ ಬರುತ್ತೆ ತುಂಗಮ್ಮನೋರೆ. ನಮ್ಮ ಪಾಂಡೂನ ಕೊಂಡೊಯ್ಯಿ ಅಂತ ನಾನೇ ಹೇಳಿ ಬಂದಿದೀನಿ. ಆದ್ರೆ ಅವನು ಈ ಕೆಲಸ ಮಾಡಿಲ್ಲ ಅಂತ ಮನಸ್ಸು ಹೇಳ್ತಾ ಇದೆ."

ರಾಜಾಜಿನಗರದ ನನ್ನ ಬಾಡಿಗೆ ಪುಸ್ತಕದಂಗಡಿಯ ಬಾಗಿಲಲ್ಲಿ ನಿಂತು ಹೀಗೆ ಹೇಳಿದವರು ಟೆಲಿಫೋನ್ ಕಚೇರಿಯ ಗುಮಾಸ್ತ ಗೋಪೀನಾಥರು. ಎಪ್ಪತ್ತೈದನೇ ಇಸವಿಯ ಆಸುಪಾಸಿನ ಮಾತು. ಅವರು ಒಳಗೆ ಬಂದದ್ದೇ ತಡ, ಪಂಚೆಯಿಂದ ಹಳಸಿದ ನಾಯಿಮೂತ್ರದ ವಾಸನೆ ಅಂಗಡಿಯಿಡೀ ತುಂಬಿತು. ಕಾಫಿ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟೆ. ಆ ಹೊತ್ತಿನ ಕಾಫಿ ಬಿಡುವುದು ನನ್ನ ಮಟ್ಟಿಗೆ ಸಣ್ಣ ತ್ಯಾಗವಲ್ಲ.

ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ತುಂಗಮ್ಮನವರು ಮಾತ್ರ ಮೂಗು ಮುರಿಯಲಿಲ್ಲ. ದೊಡ್ಡ ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆಗಿದ್ದು ನಿವೃತ್ತರಾದವರು. ನಮ್ಮ ಬೀದಿಯಲ್ಲಿ ಒಡವೆ ಕಳೆದರೂ, ಅಳಿಯ ಕಳೆದುಹೋದರೂ ಜನ ಪೊಲೀಸ್ ಠಾಣೆಗಿಂತ ಮೊದಲು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ನಾನು, ಅಂದರೆ ಈ ನಾಣಿ, ಅಂಗಡಿಗೆ ಬೀಗ ಜಡಿದು ಅವರ ಹಿಂದೆ ಹೋಗುವವನು.

"ಪಾಂಡು ಮಾಡಿದ್ದೇನು?" ಎಂದು ಕೇಳಿದರು ತುಂಗಮ್ಮ.

"ಮುದಿಯಾಗಿದಾನೆ. ಮಲಗಿದಲ್ಲೇ ಒದ್ದೆ. ಅದನ್ನ ಅಕ್ಕ ಹೇಗೋ ಸಹಿಸಿಕೊಂಡಿದ್ಲು. ನಿನ್ನೆ ದೇವರ ಕೋಣೇಲೇ ಕೊಳ ಮಾಡಿದ್ದ. ಇನ್ನೊಂದು ಸಲ ಆದ್ರೆ ಕಳಿಸಿಬಿಡ್ತೀನಿ ಅಂತ ಅಕ್ಕನಿಗೆ ಮಾತು ಕೊಟ್ಟೆ. ಇವತ್ತು ಬೆಳಗ್ಗೆ ನೋಡಿದ್ರೆ ಮತ್ತೆ ಕೊಳ. ನನಗೇನೋ ಮಹಡಿ ಮೇಲಿನ ಬಾಡಿಗೆದಾರ ಸೋಮಲಿಂಗಪ್ಪನ ಮೇಲೇ ಅನುಮಾನ. ಅವನ ಮೆಟ್ಟಿಲು ಇಳಿಯೋದು ನಮ್ಮ ಹಿತ್ತಲಿಗೇ, ಹಿತ್ತಲ ಬಾಗಿಲು ತೆಗೆದೇ ಇರುತ್ತೆ."

"ಒರೆಸಿಬಿಟ್ರಾ?"

"ಇಲ್ಲ. ನಿಮ್ಮನ್ನ ಕರ್ಕೊಂಡು ಬರೋತನಕ ಮುಟ್ಟಬೇಡ ಅಂದು ಬಂದಿದೀನಿ."

ಗೋಪೀನಾಥರ ಮನೆ ಗೇಟಿನ ಬಳಿ ಹಾಲಿನ ಬೋರಮ್ಮ ತನ್ನ ಹಸುವನ್ನು ನಿಲ್ಲಿಸಿಕೊಂಡು ಹಾಲು ಕರೆಯುತ್ತಿದ್ದಳು. ಈ ಬೀದಿಯ ಮನೆಗಳಿಗೆಲ್ಲ ಕಣ್ಣೆದುರು ಕರೆದ ಹಾಲೇ ಆಗಬೇಕು. ಸಗಣಿ ದಾಟಿಕೊಂಡು ನಾನು ಲೈಟ್ ಕಂಬದ ಕಡೆ ಹೋದೆ. ಅಲ್ಲಿ ಪಾಂಡು ನಿಂತಿದ್ದ. ಒಂದು ಕಾಲದಲ್ಲಿ ಬೆಳ್ಳಗಿದ್ದಿರಬೇಕು, ಈಗ ಹಿಂಬದಿಯೆಲ್ಲ ಹಳದಿಗಟ್ಟಿ, ಕೂದಲು ಅಂಟಿಕೊಂಡು, ಮೇಲೆ ನೊಣ ಮುತ್ತಿತ್ತು. ಕಾಲೆತ್ತಲಾರದೆ ಕುಕ್ಕರಿಸಿ, ಬೆನ್ನು ಬಿಲ್ಲಿನಂತೆ ಬಾಗಿಸಿ ತಿಣುಕಿದ. ಎರಡು ಹನಿ ಬಿತ್ತು. ಮತ್ತೆ ತಿಣುಕಿದ. ಇನ್ನೊಂದು ಹನಿ, ಕೆಂಪು ಬಣ್ಣದ್ದು. ತುಂಗಮ್ಮನವರು ನೆಲದ ಮೇಲೇ ಕೂತು ಅವನ ಹೊಟ್ಟೆಯ ಕೆಳಗೆ ಕೈಯಿಟ್ಟರು. ನಾಯಿ ನರಳಿತು. ಅವರ ಹುಬ್ಬು ಗಂಟಾಯಿತು.

ಮಹಡಿಯಿಂದ ಸೋಮಲಿಂಗಪ್ಪನವರು ಬಗ್ಗಿ ನೋಡಿದರು. ದಾವಣಗೆರೆ ಕಡೆಯ ಜವಳಿ ವ್ಯಾಪಾರಿ. "ರಾತ್ರಿ ಪೂರ್ತಿ ನರಳತೈತ್ರೀ ಅದು. ನಿದ್ದಿ ಹತ್ತಂಗಿಲ್ಲ ನಮಗ. ಕಳಿಸಿಬಿಡ್ರಿ ಅಂತ ನಾನೂ ಹೇಳೀನಿ. ಹೇಳಿದ್ದು ತಪ್ಪೇನ್ರಿ?"

"ತಪ್ಪಿಲ್ಲ. ಕೆಳಗೆ ಬನ್ನಿ, ಮಾತಾಡೋದಿದೆ," ಎಂದರು ತುಂಗಮ್ಮ.

ನಡುಮನೆಗೆ ಕಾಲಿಟ್ಟವನೇ ವಾಕರಿಸಿ ಮೂಗು ಮುಚ್ಚಿಕೊಂಡೆ. ಮೂಲೆಯಲ್ಲಿ ಪಾಂಡುವಿನ ಗೋಣಿತಾಟು, ಒದ್ದೆಯಾಗಿ, ಕಪ್ಪಗೆ. ಅಲ್ಲಿಂದ ಬೀದಿಬಾಗಿಲವರೆಗೂ ಹನಿಹನಿ ಕಲೆ, ಅವನು ನಡೆದ ದಾರಿಯ ಗುರುತು. ಕಣ್ಣಿಗೆ ಚುಚ್ಚುವಂಥ ಗಬ್ಬು. ದೇವರ ಕೋಣೆ ಇದ್ದದ್ದು ಎದುರು ದಿಕ್ಕಿಗೆ, ಹಿತ್ತಲ ಪಕ್ಕದಲ್ಲಿ. ಆ ಕಡೆಯ ಕೆಂಪು ನೆಲ ಒಣಗಿ ಹೊಳೆಯುತ್ತಿತ್ತು.

ಕೋಣೆಯ ಹೊಸಿಲಲ್ಲಿ ಗೋಪೀನಾಥರ ಅಕ್ಕ ಸತ್ಯವತಿ ನಿಂತಿದ್ದರು. ಗೋಪೀನಾಥರ ಹೆಂಡತಿ ತೀರಿಕೊಂಡ ಮೇಲೆ ಬಂದು ಮನೆ ನಡೆಸುತ್ತಿದ್ದವರು. ಬೆಳಗ್ಗೆ ತಲೆಗೆ ಸ್ನಾನ ಮಾಡಿದ ಕೂದಲು ಆಗಲೇ ಆರಿತ್ತು, ಗಂಟು ಹಾಕಿಕೊಂಡಿದ್ದರು.

"ಬನ್ನಿ, ಕಣ್ತುಂಬ ನೋಡ್ಕೊಳ್ಳಿ. ಊರೋರೆಲ್ಲ ಬಂದು ನೋಡೋ ಹಾಗಾಯ್ತು ನಮ್ಮ ದೇವರ ಕೋಣೆ," ಎಂದರು. ನಾನು ಪಕ್ಕದಲ್ಲಿ ನುಸುಳಲು ಹೋದರೆ ಸೆರಗು ಎಳೆದುಕೊಂಡು ಹಿಂದೆ ಸರಿದರು. "ಮುಟ್ಟಬೇಡಪ್ಪಾ, ಮಡೀಲಿದೀನಿ."

ಒಳಗೆ ಮಣೆಯ ಮುಂದೆ ಒಂದು ತಂಬಿಗೆಯಷ್ಟು ಒದ್ದೆ ಹರಡಿತ್ತು. ಅದರ ಆಚೆ ದೀಪ ಉರಿಯುತ್ತಿತ್ತು, ನೈವೇದ್ಯದ ಹಾಲಿನ ಬಟ್ಟಲಿತ್ತು. ಬಗ್ಗಿ ನೋಡಿದೆ. ನಡುಮನೆಯಲ್ಲಿ ಬಂದಷ್ಟು ವಾಕರಿಕೆ ಇಲ್ಲಿ ಬರಲಿಲ್ಲ. ನನ್ನ ಮೂಗೇ ಸತ್ತಿರಬೇಕು ಅಂದುಕೊಂಡೆ. ತುಂಗಮ್ಮನವರು ಬೆರಳು ಅದ್ದಿ ಮೂಸಿದರು. ನಾನು ಗೋಡೆ ಕಡೆ ತಿರುಗಿದೆ.

"ಈ ದೀಪ ಯಾವಾಗ ಹಚ್ಚಿದ್ರಿ?"

"ಈ ಹೊಲಸು ನೋಡಿದ ಮೇಲೇ. ದೇವರನ್ನ ಕತ್ತಲಲ್ಲಿ ಕೂಡಿಸೋಕಾಗುತ್ತಾ?" ಎಂದರು ಸತ್ಯವತಿ.

ತುಂಗಮ್ಮ ಮತ್ತೆ ಗೇಟಿಗೆ ಬಂದರು. "ಬೋರಮ್ಮ, ನಿನ್ನ ಹಸೂದು ಗಂಜಲ ಯಾರಾದ್ರೂ ಹಿಡ್ಕೋತಾರಾ?"

"ಶುದ್ಧಕ್ಕೆ ಅಂತ ಹಿಡ್ಕೋತಾರಲ್ಲವ್ವಾ. ಅದಕ್ಕೇನು ಕಾಸಾ?"

ಆಮೇಲೆ ಎಲ್ಲರನ್ನೂ ನಡುಮನೆಯಲ್ಲೇ, ಆ ಗಬ್ಬಿನಲ್ಲೇ ಕೂರಿಸಿದರು. ಸೋಮಲಿಂಗಪ್ಪನವರು ಕರವಸ್ತ್ರದಲ್ಲಿ ಮೂಗು ಹಿಡಿದಿದ್ದರು.

"ಚುಟುಕಾಗಿ ಹೇಳ್ತೀನಿ, ಹೊತ್ತಿಲ್ಲ," ಎಂದು ತುಂಗಮ್ಮ ಶುರು ಮಾಡಿದರು. "ಗಂಡಸರ ವಾರ್ಡಲ್ಲಿ ಇಂಥ ಮುದುಕರನ್ನ ಎಷ್ಟೋ ನೋಡಿದೀನಿ. ಮೂತ್ರ ಕಟ್ಟಿದೆ ಇವನಿಗೆ. ಹೊಟ್ಟೆ ತೆಂಗಿನಕಾಯಿ ಹಾಗಿದೆ. ತುಂಬಿ ತುಳುಕಿದ್ದು ಹನಿಹನಿಯಾಗಿ ಸೋರ್ತಾ ಇದೆ, ಅಷ್ಟೇ. ಹನಿ ಬೀಳಿಸೋಕೇ ಪ್ರಾಣ ಹೋಗ್ತಿರೋನು ತಂಬಿಗೆಗಟ್ಟಲೆ ಒಂದೇ ಕಡೆ ಹೇಗೆ ಬಿಟ್ಟಾನು? ಅದೂ ಅಲ್ದೆ, ಹೋದಲ್ಲೆಲ್ಲ ಸೋರೋನು ದೇವರ ಕೋಣೆಗೆ ಹೋಗಿದ್ರೆ ದಾರೀಲಿ ಕಲೆ ಇರಬೇಕಲ್ಲ. ಆ ಕಡೆ ನೆಲ ನೋಡಿ."

"ನಾನು ಹೇಳಲಿಲ್ವಾ?" ಗೋಪೀನಾಥರು ಸೋಮಲಿಂಗಪ್ಪನವರ ಕಡೆ ತಿರುಗಿದರು.

"ನನ್ನನ್ಯಾಕ ನೋಡ್ತೀರಿ?"

"ಸುಮ್ನಿರಿ ಗೋಪೀನಾಥ. ಇವರು ಮಾಡೋದಾದ್ರೆ ಈ ಗೋಣಿತಾಟು ಎತ್ಕೊಂಡು ಹೋಗಿ ಅಲ್ಲಿ ಹಿಂಡಿದ್ರೆ ಸಾಕಿತ್ತು. ಅಲ್ಲಿರೋದು ನಾಯೀದಲ್ಲ, ಹಸೂದು. ಗಂಜಲ. ಅದಕ್ಕೇ ನಮ್ಮ ನಾಣಿಗೆ ಅಲ್ಲಿ ವಾಕರಿಕೆ ಬರಲಿಲ್ಲ. ನಾಯಿ ಮೇಲೆ ಹೊರಿಸೋಕೆ ಗಂಜಲ ತರೋ ಕಷ್ಟ ಯಾರಿಗೆ ಬೇಕು? ದೇವರ ಕೋಣೆ ನಿಜವಾಗಿ ಮೈಲಿಗೆ ಆಗಬಾರದು ಅನ್ನೋರಿಗೆ ಮಾತ್ರ." ತುಂಗಮ್ಮ ಸತ್ಯವತಿಯವರನ್ನು ನೋಡಿದರು. "ನಾಯಿ ಉಚ್ಚೆ ಕಂಡ ಮೇಲೆ ನೀವು ಮತ್ತೆ ತಲೆಗೆ ಸ್ನಾನ ಮಾಡಿಲ್ಲ, ಕೂದಲು ಆರಿದೆ. ಅದನ್ನ ದಾಟಿ ಹೋಗಿ ದೀಪ ಹಚ್ಚಿದ್ರಿ, ನೈವೇದ್ಯ ಇಟ್ರಿ. ಇಷ್ಟಾದ ಮೇಲೂ ಮಡೀಲಿದೀನಿ ಅಂದ್ರಿ. ಅಲ್ಲಿ ಏನೂ ಕೆಟ್ಟಿಲ್ಲ ಅಂತ ಗೊತ್ತಿದ್ದದ್ದು ಈ ಮನೇಲಿ ನಿಮಗೊಬ್ಬರಿಗೇ."

ಸತ್ಯವತಿ ಅಳಲಿಲ್ಲ. "ಹೌದು, ನಾನೇ. ಏನೀಗ? ಸ್ನಾನ ಮಾಡಿ ಬಂದ್ರೆ ಕಾಲಿಗೆ ನಾಯಿ ಉಚ್ಚೆ. ಮತ್ತೆ ಸ್ನಾನ, ಮತ್ತೆ ಉಚ್ಚೆ. ಆ ಗೋಣಿ ಒಗೆದೂ ಒಗೆದೂ ಅನ್ನ ಕಲಸೋಕೂ ಈ ಕೈ ಅಸಹ್ಯ ಆಗುತ್ತೆ. ಇವನು ಆಫೀಸಿಂದ ಬಂದು ನಾಯಿ ತಲೆ ಸವರಿ ಪೇಪರ್ ಹಿಡ್ಕೊಂಡು ಕೂರ್ತಾನೆ. ಹೇಳಿ ಹೇಳಿ ಸಾಕಾಯ್ತು ನನಗೆ."

"ಅಕ್ಕಾ, ನೀನು ಹೀಗೆ..." ಎಂದರು ಗೋಪೀನಾಥರು.

"ಅವರನ್ನ ಅನ್ನೋಕೆ ನಿಮಗೆ ಬಾಯಿಲ್ಲ," ತುಂಗಮ್ಮನವರ ದನಿ ಕಹಿಯಾಗಿತ್ತು. "ಒಂದು ದಿನ ಈ ಗೋಣಿ ಮುಟ್ಟಿದೀರಾ? ಹನಿಯಲ್ಲಿ ರಕ್ತ ಇದೆ, ಅದು ಕಣ್ಣಿಗೆ ಬಿತ್ತಾ? ಪ್ರೀತಿಯಂತೆ. ಸತ್ಯವತೀ, ನಿಮಗೂ ಹೇಳ್ತೀನಿ. ನರಳೋ ಪ್ರಾಣೀನ ಸಾಯೋಕೆ ಕಳಿಸುವಾಗ ನಿಮಗೆ ಹೇಸಿಗೆ ಆಗಲಿಲ್ಲ, ಕೋಣೆ ಮಡಿ ಕೆಡುತ್ತೆ ಅಂತ ಆಯ್ತು. ಮೂವತ್ತು ವರ್ಷ ವಾರ್ಡಲ್ಲಿ ಎಂಥೆಂಥದೋ ತೊಳೆದಿದೀನಿ. ಈ ಮನೇಲಿ ನಾರ್ತಿರೋದು ಆ ಗೋಣಿ ಒಂದೇ ಅಲ್ಲ."

ಇಷ್ಟೂ ಹೊತ್ತು ಬೀದಿಬಾಗಿಲಲ್ಲಿ ತಿಣುಕುತ್ತಿದ್ದ ಪಾಂಡು ಅಲ್ಲೇ ಕುಸಿದು ವಾಂತಿ ಮಾಡಿಕೊಂಡ.

"ಕಟ್ಟಿದ ಮೂತ್ರದ ವಿಷ ಮೈಗೆ ಏರ್ತಿದೆ. ಗಾಡಿ ಬರೋವರೆಗೂ ಉಳಿಯಲ್ಲ ಇವನು. ದನದ ಆಸ್ಪತ್ರೆಗೆ ಈಗಲೇ ಹೊರಡಬೇಕು. ನಾಣಿ, ಆಟೋ ತಾ."

ಆಟೋದವನು ನಾಯಿಯನ್ನು ಕಂಡು ಮುಖ ಕಿವುಚಿದ. ಸೋಮಲಿಂಗಪ್ಪನವರು ಮೇಲಿಂದ ಒಂದು ಹಳೇ ಜಮಖಾನ ತಂದು ಸೀಟಿಗೆ ಹಾಸಿದರು. ಗೋಪೀನಾಥರು ನಾಯಿಯನ್ನು ಎತ್ತಲು ಹೋದರು. ವಾಸನೆಗೆ ಮುಖ ತಿರುಗಿಸಿಕೊಂಡೇ ನಡು ಹಿಡಿದರು. ಪಾಂಡು ಕಿರುಚಿ ಅವರ ಕೈಗೇ ಬಾಯಿ ಹಾಕಿದ.

"ಹೊಟ್ಟೆ ಅಮುಕಬೇಡ ಕಣೋ," ಸತ್ಯವತಿ ಹೊಸಿಲು ದಾಟಿ ಬಂದರು. "ಎದೆ ಕೆಳಗೊಂದು ಕೈ ಕೊಡು, ಹಿಂದಗಡೆಯಿಂದ ಒಂದು ಕೈ. ಹೀಗೆ." ಮಡಿ ಸೀರೆಯಲ್ಲೇ ಎತ್ತಿದರು. ನಾಯಿ ಮಗುವಿನ ಹಾಗೆ ಸುಮ್ಮನಾಯಿತು. ದಿನವೂ ಅದನ್ನು ಗೋಣಿಯಿಂದ ಎತ್ತಿ ಬಿಸಿಲಿಗೆ ಹಾಕುತ್ತಿದ್ದ ಕೈ ಯಾವುದೆಂದು ಯಾರೂ ಹೇಳಬೇಕಾಗಲಿಲ್ಲ.

ಆಸ್ಪತ್ರೆಯ ಡಾಕ್ಟರು ಮೂತ್ರದ ದಾರಿಗೆ ಕಲ್ಲು ಅಡ್ಡ ಬಂದಿದೆ ಎಂದರು. ನಳಿಕೆ ತೂರಿಸಿ ಕಲ್ಲನ್ನು ಹಿಂದಕ್ಕೆ ತಳ್ಳಿದರು. ಬೋಗುಣಿಗೆ ಬಂದದ್ದು ಮೊದಲು ರಕ್ತ, ಆಮೇಲೆ ಮಡ್ಡಿ, ಆಮೇಲೆ ನಿಲ್ಲದ ಧಾರೆ. ಆ ನಾತವನ್ನು ಬರೆಯಲು ನನ್ನಲ್ಲಿ ಮಾತಿಲ್ಲ. ಗೋಪೀನಾಥರು ಹೊರಗೋಡಿ ಹೊಂಗೆಮರಕ್ಕೆ ಒರಗಿ ಕಾರಿಕೊಂಡರು. ಪಾಂಡುವಿನ ಹಿಂಗಾಲುಗಳನ್ನು ಹಿಡಿದು ಮುಖ ಸಿಂಡರಿಸಿಕೊಂಡು ನಿಂತಿದ್ದವರು ಸತ್ಯವತಿ.

"ಬದುಕುತ್ತೆ. ಕಲ್ಲು ತೆಗೆಯೋವರೆಗೂ, ತೆಗೆದ ಮೇಲೂ ಸ್ವಲ್ಪ ದಿನ ಸೋರ್ತಾ ಇರುತ್ತೆ. ಒಣಗಿದ ಜಾಗದಲ್ಲಿ ಮಲಗಿಸಿ, ಬೇಕಾದಷ್ಟು ನೀರು ಕುಡಿಸಿ," ಎಂದರು ಡಾಕ್ಟರು.

ಸತ್ಯವತಿ ಬಾಗಿಲ ಕಡೆ ನೋಡಿದರು. ಗೋಪೀನಾಥರು ಬಾಯಿ ಒರೆಸಿಕೊಳ್ಳುತ್ತಾ ಬರುತ್ತಿದ್ದರು.

"ನೀರು ನಾನು ಕುಡಿಸ್ತೀನಿ. ಗೋಣಿ ಇವನು ಒಗೀಬೇಕು, ದಿನಾ," ಎಂದರು ಸತ್ಯವತಿ.

"ಹೂಂ," ಎಂದರು ಗೋಪೀನಾಥರು.

"ಕೇಳಿಸಲಿಲ್ಲ," ಎಂದರು ತುಂಗಮ್ಮ.

"ಒಗೀತೀನಿ."