ಇರುವವರೆಗೆ

ಸೋಮವಾರ ಮಧ್ಯಾಹ್ನ ಹನ್ನೆರಡೂವರೆಗೆ ಠಾಣೆಗೆ ಬಂದ ಬ್ಯಾಂಕಿನ ವಸೂಲಿ ಅಧಿಕಾರಿ, ದೂರು ಹೇಳುವ ಮೊದಲು ಒಂದು ಲೋಟ ನೀರು ಕೇಳಿ ಕುಡಿದ. ಅವಸರಕ್ಕೆ ಅರ್ಧ ನೀರು ಅಂಗಿಯ ಪಾಲಾಯಿತು. ಸಾಲಗಾರರ ಮನೆಗೆ ಬೀಗ ಜಡಿಯುವುದೇ ಕಸುಬಾದ ಆಸಾಮಿ ಹೀಗೆ ಬೆವರಿದ್ದನ್ನು ಇನ್‌ಸ್ಪೆಕ್ಟರು ಹಿಂದೆಂದೂ ಕಂಡಿರಲಿಲ್ಲ.

"ಸರ್, ಹಾಸಿಗೆ ಅಂಗಡಿ ಯಜಮಾನರ ಕಾಲು ಮುಟ್ಟಿ ನೋಡಿದೆ. ಒಳಗೆ ಮೂಳೇನೇ ಇಲ್ಲ."

"ಆಮೇಲೆ?"

"ಮುಟ್ಟಿದ ಮೇಲೂ ಕೆಮ್ಮಿದ್ರು ಸರ್."

ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್, ಠಾಣೆಗೆಲ್ಲ ಗೊಣಗಣ್ಣ, ಮೂಳೆ ಇಲ್ಲದವರ ಮೇಲೆ ಯಾವ ಕಲಂ ಹಾಕುವುದೋ ಎಂದು ತನ್ನಷ್ಟಕ್ಕೆ ಗೊಣಗಿದ. ಇನ್‌ಸ್ಪೆಕ್ಟರು ಗದರಿಸಿದರೇನೋ ಸರಿ, ನಗು ತಡೆದುಕೊಳ್ಳಲು ಮೀಸೆ ತೀಡಬೇಕಾಯಿತು.

ವ್ಯಾಜ್ಯದ ಕತೆ ಇಷ್ಟು. ಯಜಮಾನ ಮನೆ ಅಡವಿಟ್ಟು ಸಾಲ ತೆಗೆದಿದ್ದ. ಕರಾರಿನಲ್ಲಿ ಒಂದು ಸಾಲು: 'ಸಾಲಗಾರನು ಮನೆಯಲ್ಲಿ ಇರುವವರೆಗೆ ಬ್ಯಾಂಕು ಸದರಿ ಮನೆಯನ್ನು ಸ್ವಾಧೀನಕ್ಕೆ ಪಡೆಯತಕ್ಕದ್ದಲ್ಲ.' ಯಾವ ಪುಣ್ಯಾತ್ಮ ಬರೆದನೋ! ಇರುವುದು ಎಂದರೆ ವಾಸ ಮಾಡುವುದೋ, ಬದುಕಿರುವುದೋ, ಆ ಹೊತ್ತಿಗೆ ಮನೆಯೊಳಗೆ ಕಣ್ಣಿಗೆ ಬೀಳುವುದೋ? ಯಜಮಾನ ಉಬ್ಬಸ ಹೆಚ್ಚಾಗಿ ಆಸ್ಪತ್ರೆ ಸೇರಿದ್ದೇ ತಡ, ಅವನು ಮನೆಯಲ್ಲಿ ಇಲ್ಲ ಎಂದು ಬ್ಯಾಂಕಿನವರು ಬೀಗ ಹಿಡಿದು ಬಂದಿದ್ದರು. ಮಗಳು ನ್ಯಾಯಾಲಯಕ್ಕೆ ಓಡಿದಳು. ಆ ಪದದ ಅರ್ಥ ತೀರ್ಮಾನವಾಗುವ ತನಕ, ಅವನು ಮನೆಯಲ್ಲಿದ್ದರೆ ಯಾರೂ ಅದನ್ನು ಮುಟ್ಟಕೂಡದು, ಬ್ಯಾಂಕಿನವರು ಸೋಮವಾರಕ್ಕೊಮ್ಮೆ ಬಂದು ನೋಡಿಕೊಳ್ಳಬಹುದು ಎಂದು ಆದೇಶವಾಯಿತು. ಅಂದಿನಿಂದ ಆತ ಮನೆಯಲ್ಲೇ ಇದ್ದ. ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ, ಕರೆದರೆ ಕೆಮ್ಮುತ್ತಿದ್ದ.

ಎರಡು ಗಂಟೆಗೆ ಇನ್‌ಸ್ಪೆಕ್ಟರು, ಗೊಣಗಣ್ಣ ಮತ್ತು ಒಬ್ಬ ಮಹಿಳಾ ಪೇದೆಯ ಜೊತೆ ಆ ಮನೆಗೆ ಹೋದರು. ಮುಂದಿನ ಕೋಣೆಯೇ ಅಂಗಡಿ. ಮೂಲೆಮೂಲೆಗೂ ಹತ್ತಿಯ ರಾಶಿ. ಒಳಗೆ ಕಾಲಿಟ್ಟದ್ದೇ ಬೀದಿಯ ಗದ್ದಲ ಯಾರೋ ಬಾಯಿ ಮುಚ್ಚಿದಂತೆ ನಿಂತುಹೋಯಿತು. ಗೊಣಗಣ್ಣ ಕೆಳದನಿಯಲ್ಲಿ ಮಾತಾಡತೊಡಗಿದ, ಅದೂ ಯಾರೂ ಹೇಳದೆ.

ಬೀದಿಗೆಲ್ಲ ಹಾಸಿಗೆಯಕ್ಕ ಎಂದೇ ಹೆಸರಾದ ಮಗಳು ದಿಂಬಿನ ಬಾಯಿ ಹೊಲಿಯುತ್ತಿದ್ದಳು. ವಯಸ್ಸು ನಲವತ್ತು ದಾಟಿರಬಹುದು. ಹುಬ್ಬಿನ ಮೇಲೆಲ್ಲ ಹತ್ತಿಯ ಎಳೆ.

"ಅಪ್ಪ ಇದ್ದಾರಾ?"

"ಇದ್ದಾರೆ ಸರ್."

"ಊಟ ಮಾಡಿದ್ರಾ?"

"ಒಳಗಿದ್ದಾರೆ."

"ನಿದ್ದೆ ಮಾಡ್ತಿದ್ದಾರಾ?"

"ಒಳಗೇ ಇದ್ದಾರೆ ಸರ್."

ಇನ್‌ಸ್ಪೆಕ್ಟರ ಕಿವಿ ಚುರುಕಾಯಿತು. ಸುಳ್ಳು ಹೇಳುವವರು ಕೇಳದಿದ್ದರೂ ಒಂದಕ್ಕೆರಡು ಪೋಣಿಸುತ್ತಾರೆ. ಇವಳು ಮಾತ್ರ ಒಂದೇ ಪದವನ್ನು ಬಿಗಿಯಾಗಿ ಹಿಡಿದು ಕೂತಿದ್ದಳು.

ಹಿಂದಿನ ಕೋಣೆಯ ಮಂಚದ ಮೇಲೆ, ಹೊದಿಕೆಯ ಕೆಳಗೆ, ಗೂನುಬೆನ್ನಿನ ಆಕಾರವೊಂದು ಗೋಡೆಯ ಕಡೆಗೆ ತಿರುಗಿ ಮಲಗಿತ್ತು. "ಯಜಮಾನ್ರೇ," ಎಂದರು ಇನ್‌ಸ್ಪೆಕ್ಟರು. ಬಾಗಿಲಲ್ಲಿ ನಿಂತಿದ್ದ ಮಗಳ ಕೈ ಉಡುಪಿನ ಜೇಬಿಗೆ ಹೋಯಿತು. ಮಂಚದಿಂದ ಗೊರಗೊರ ಕೆಮ್ಮು ಬಂತು, ಕೊನೆಗೆ ದಣಿದ ದನಿಯಲ್ಲಿ, "ಬಂದ್ಯೇನಮ್ಮಾ?"

"ಬಂದೆ ಅಪ್ಪಾ," ಎಂದಳು ಮಗಳು, ಬಾಗಿಲಿನಿಂದ ಕದಲದೆ.

ಇನ್ನೊಮ್ಮೆ ಕರೆದರು. ಅದೇ ಕೆಮ್ಮು, ಅದೇ ಪ್ರಶ್ನೆ, ಅದೇ ಉತ್ತರ. ಗೊಣಗಣ್ಣನ ಮೈ ಜುಮ್ಮೆಂದಿತು. ಇನ್‌ಸ್ಪೆಕ್ಟರಿಗೇನು ಕಮ್ಮಿಯಾಗಿತ್ತು? ಆದರೂ ಮುಖ ಬಿಗಿ ಮಾಡಿಕೊಂಡು, ಅವಳನ್ನು ಹೊರಗೆ ಕೂರಿಸಿ ಎರಡೂ ಕೈ ಹಿಡಿದುಕೊಂಡಿರಲು ಮಹಿಳಾ ಪೇದೆಗೆ ಹೇಳಿದರು. ಮತ್ತೆ ಮಂಚದ ಬಳಿ ಬಾಗಿ ಕರೆದರು. ಏನೂ ಬರಲಿಲ್ಲ. ಕರೆಯುತ್ತಲೇ ಇದ್ದರು. ಆ ನಿಶ್ಶಬ್ದ ಕೆಮ್ಮಿಗಿಂತ ಕೆಟ್ಟದಾಗಿತ್ತು.

ಹೊದಿಕೆ ಎಳೆದರು. ಹತ್ತಿ. ತಲೆ, ಭುಜ, ಮಡಿಸಿದ ಮೊಣಕಾಲು, ಬೆನ್ನಿನ ಗೂನು, ಎಲ್ಲವನ್ನೂ ಅಳತೆ ತಪ್ಪದೆ ಹೊಲಿದು ಅಪ್ಪನ ಅಂಗಿ ತೊಡಿಸಿದ್ದಳು. ದಿಂಬಿನಡಿ ಒಂದು ಫೋನು. ಅದಕ್ಕೆ ಕರೆ ಬಂದರೆ ರಿಂಗಿನ ಬದಲು ಕೇಳಿಸುತ್ತಿದ್ದುದೇ, ಅಪ್ಪ ಬದುಕಿದ್ದಾಗ ಮುದ್ರಿಸಿಕೊಂಡಿದ್ದ ಆ ಕೆಮ್ಮು, ಆ ಮಾತು. ಕರೆ ಹೋಗುತ್ತಿದ್ದುದು ಅವಳ ಜೇಬಿನ ಇನ್ನೊಂದು ಫೋನಿನಿಂದ. ಮಂಚದ ಕೆಳಗೆ ಬಗ್ಗಿದ ಗೊಣಗಣ್ಣ ನೆಲದ ಎರಡು ಚಪ್ಪಡಿಗಳ ಅಂಚಿನಲ್ಲಿ ಹೊಸ ಸಿಮೆಂಟು ತೋರಿಸಿದ. ಈ ಸಲ ಗೊಣಗಲಿಲ್ಲ.

ಸಂಜೆಯೇ ಎಫ್‌ಐಆರ್ ದಾಖಲಾಯಿತು. ಮಂಗಳವಾರ ಬೆಳಗ್ಗೆ ಹತ್ತಕ್ಕೆ, ದಂಡಾಧಿಕಾರಿಯ ಆದೇಶದಂತೆ, ಪಂಚರ ಸಮಕ್ಷಮ ಚಪ್ಪಡಿ ಎತ್ತಿಸಲಾಯಿತು. ಸುಣ್ಣದ ನಡುವೆ ಯಜಮಾನನ ಶವ. ಅಡಿಗೊಂದು ಹೊಸ ಹಾಸಿಗೆ, ತಲೆಗೆ ದಿಂಬು. ಮೈಮೇಲೆ ಗಾಯದ ಗುರುತಿಲ್ಲ, ಸಾವು ಉಬ್ಬಸದಿಂದಲೇ ಇರಬೇಕು ಎಂದು ವೈದ್ಯರು ಹೇಳಿದರು. ಪಂಚನಾಮೆಗೆ ಸಹಿಯಾಗಿ ಶವ ಹೊರಟ ಮೇಲೆ, ಅಂಗಡಿಯಲ್ಲೇ ಅವಳ ವಿಚಾರಣೆ ನಡೆಯಿತು.

"ನ್ಯಾಯಾಲಯಕ್ಕೆ ಸುಳ್ಳು ಹೇಳಿದ್ರಿ."

"ಯಾವ ಸುಳ್ಳು ಸರ್? ಇದ್ದಾರಾ ಅಂತ ಕೇಳಿದ್ರು, ಇದ್ದಾರೆ ಅಂದೆ. ಮನೆಯೊಳಗೇ ಇದ್ರಲ್ಲ."

"ಮಂಚದ ಮೇಲಿದ್ದದ್ದು?"

"ಅದು ಅಪ್ಪ ಅಂತ ನಾನು ಯಾವತ್ತು ಹೇಳಿದ್ದೆ? ಕೆಮ್ಮು ಮಾತ್ರ ಅವರದೇ."

ಅರ್ಥದ ಕೂದಲು ಸೀಳುವ ವಿದ್ಯೆಯನ್ನು ಅವಳು ಬ್ಯಾಂಕಿನವರಿಂದಲೇ ಕಲಿತಿದ್ದಳು. ಅಪ್ಪನನ್ನು ಆಸ್ಪತ್ರೆಯಿಂದ ಯಾಕೆ ಕರೆತಂದಿರಿ ಎಂದು ಇನ್‌ಸ್ಪೆಕ್ಟರು ಮೆಲ್ಲಗೆ ಕೇಳಿದರು. ಅಷ್ಟು ಹೊತ್ತು ಕಲ್ಲಿನಂತೆ ಕೂತಿದ್ದವಳು ಹತ್ತಿಯ ಎಳೆಯೊಂದನ್ನು ಬೆರಳಿಗೆ ಸುತ್ತತೊಡಗಿದಳು. ಆಮ್ಲಜನಕ ತೆಗೆದರೆ ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದ್ದರಂತೆ. ಇತ್ತ ವಸೂಲಿ ಅಧಿಕಾರಿ ಬೀಗ ಆಡಿಸುತ್ತ, ಅವರು ಮನೆಯಲ್ಲಿ ಇಲ್ಲವಲ್ಲಮ್ಮ ಎಂದಿದ್ದನಂತೆ. ಅವಳು ಅಪ್ಪನನ್ನು ಬಾಡಿಗೆ ಗಾಡಿಯಲ್ಲಿ ತಂದು ಮಲಗಿಸಿದಳು. ವಾರ ತುಂಬುವ ಮೊದಲೇ ಅವನ ಉಸಿರು ನಿಂತಿತ್ತು.

"ಮನೆ ಉಳಿಸ್ಕೊಳ್ಳೋಕೆ ಅಪ್ಪನ್ನ ತಂದೆ ಸರ್. ತಂದಿದ್ದಕ್ಕೇ ಹೋದ್ರು. ಇನ್ನು ಮನೇನೂ ಹೋದ್ರೆ, ಅಪ್ಪನ್ನ ಯಾತಕ್ಕೆ ಕೊಂದೆ ನಾನು?"

ಕಾನೂನಿನ ಪುಸ್ತಕದಲ್ಲಿ ಆ ಕೊಲೆಗೆ ಕಲಮೇ ಇರಲಿಲ್ಲ. ಸಾವು ಮುಚ್ಚಿಟ್ಟದ್ದಕ್ಕೆ, ನ್ಯಾಯಾಲಯವನ್ನು ವಂಚಿಸಿದ್ದಕ್ಕೆ ಬಂಧನ ಎಂದು ಬರೆಯಲು ಇನ್‌ಸ್ಪೆಕ್ಟರು ಹೇಳಿದರು. ಬಂಧನದ ಸಂಗತಿಯನ್ನು ಮನೆಯವರಲ್ಲಿ ಒಬ್ಬರಿಗೆ ತಿಳಿಸಲೇಬೇಕು. ಯಾರಿಗೆ ತಿಳಿಸೋಣಮ್ಮ ಎಂದ ಗೊಣಗಣ್ಣ.

"ಅಪ್ಪನಿಗೆ."

ಇನ್‌ಸ್ಪೆಕ್ಟರು ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತರು. "ಬೇರೆ ಯಾರಾದ್ರೂ ಇದ್ದಾರೇನಮ್ಮ, ಈ ಮನೇಲಿ?"

ಅವಳು ಒಳಕೋಣೆಯ ಕಡೆ ನೋಡಿದಳು. ಚಪ್ಪಡಿ ಎತ್ತಿದ ಜಾಗ ಬರಿದಾಗಿತ್ತು.

"ಇಲ್ಲ ಸರ್," ಎಂದಳು. "ಯಾರೂ ಇಲ್ಲ."

ಬಾಗಿಲಾಚೆ ಮೆಟ್ಟಿಲ ಮೇಲೆ ಕೂತಿದ್ದ ವಸೂಲಿ ಅಧಿಕಾರಿಗೂ ಅದು ಕೇಳಿಸಿತು. ಅವನು ಬೀಗ ಕೈಗೆತ್ತಿಕೊಂಡು ಎದ್ದು ನಿಂತ.