ಮೊದಲ ಸ್ಕ್ಯಾನ್

"ನಿಮ್ಮ ತಾಮ್ರ ಕೆಟ್ಟುಹೋಗಿದೆ. ಎಕ್ಸ್‌ರೇ ಸುಳ್ಳು ಹೇಳಲ್ಲ!"

ಲ್ಯಾಬಿನ ಎಕ್ಸ್‌ರೇ ಯಂತ್ರ ನಡೆಸುವವಳು ಮುಖಕ್ಕೆ ಹೊಡೆದ ಹಾಗೆ ಅಂದುಬಿಟ್ಟಳು. ಅಯ್ಯೋ ಹುಡುಗಿ, ಸ್ವಲ್ಪ ಮೆತ್ತಗೆ ಹೇಳಬಾರದಿತ್ತೇ?

ಎದುರಿಗಿದ್ದವನು ತಾಮ್ರದ ಸಂಯುಕ್ತಗಳನ್ನು ತಯಾರಿಸುವ ರಸಾಯನಶಾಸ್ತ್ರದವನು. ಬೆರಳಿಗೆ ಸದಾ ತಾಮ್ರದ ಉಪ್ಪಿನ ನೀಲಿ ಬಣ್ಣ ಮೆತ್ತಿರುತ್ತಿದ್ದರಿಂದ ಲ್ಯಾಬಿನವರಿಗೆಲ್ಲ ಅವನು 'ನೀಲಿ'. ಒಂದು ವರ್ಷದಿಂದ ಸ್ಯಾಂಪಲ್ ತರುವ ನೆಪದಲ್ಲಿ ಅವಳಿಗೊಂದು ಕಾಫಿಯನ್ನೂ ತರುತ್ತಿದ್ದ.

ಅವನು ಜಗಳವಾಡಲಿಲ್ಲ. ಒಮ್ಮೆ ಅವಳ ಮುಖ ನೋಡಿ ಹೊರಟುಹೋದ. ಅವಳ ವರದಿ ಓದಿದ ಮುಖ್ಯಸ್ಥರು, ಹೇಳಿದ್ದೊಂದು ಮಾಡಿದ್ದೊಂದು ಎಂದು ಅವನನ್ನು ಕೆಲಸದಿಂದಲೇ ತೆಗೆದರು.

ಒಂದು ಸ್ಯಾಂಪಲ್ಲನ್ನು ಇಪ್ಪತ್ತು ಸಲ ಸ್ಕ್ಯಾನ್ ಮಾಡಿ, ಎಲ್ಲದರ ಸರಾಸರಿಯನ್ನಷ್ಟೇ ನೋಡುವುದು ಅವಳ ರೂಢಿ. ಮೂರು ತಿಂಗಳ ನಂತರ ಯಾರದೋ ತಾಮ್ರ ಅಳೆಯುವಾಗ ಮೊದಲ ಸ್ಕ್ಯಾನಿಗೇ ಯಂತ್ರ ನಿಂತಿತು. ಬೇರೆ ಗತಿಯಿಲ್ಲದೆ ಅದೊಂದನ್ನೇ ನೋಡಿದಳು. ತಾಮ್ರ ಚೆನ್ನಾಗಿತ್ತು! ಯಂತ್ರ ಸರಿಹೋಗಿ ಹತ್ತನೆಯ ಸ್ಕ್ಯಾನ್ ಮುಗಿಯುವಷ್ಟರಲ್ಲಿ ಅದೇ ತಾಮ್ರ ಕೆಟ್ಟಿತ್ತು.

ಆಗ ಅವಳಿಗೆ ಹೊಳೆಯಿತು. ಎಕ್ಸ್‌ರೇ ಏಟಿಗೆ ಸ್ಯಾಂಪಲ್ಲಿನೊಳಗೆ ಎಲೆಕ್ಟ್ರಾನುಗಳು ಕಿತ್ತುಬರುತ್ತಿದ್ದವು. ತಾಮ್ರ ಅವನ್ನು ಹಿಡಿದುಕೊಂಡು ಬೇರೆಯೇ ತಾಮ್ರವಾಗುತ್ತಿತ್ತು.

ನೀಲಿಯ ಹಳೆಯ ಫೈಲ್ ತೆರೆದಳು. ಮೊದಲ ಸ್ಕ್ಯಾನಿನಲ್ಲಿ ಅವನ ತಾಮ್ರ ಅವನು ಹೇಳಿದ ಹಾಗೆಯೇ ಇತ್ತು.

'ಕೆಡಿಸಿದ್ದು ನಾನು... ಬೈಸಿಕೊಂಡಿದ್ದು ಅವನು!'

ಆ ರಾತ್ರಿ ಮನೆಯಲ್ಲಿ ಅಕ್ಕನಿಗೆ ಎಲ್ಲ ಹೇಳಿದಳು. ಅಕ್ಕ ಗದರಿದಳು. "ಎದುರಿಗೆ ಹೋಗೋಕೆ ನಾಚಿಕೆ ಆದ್ರೆ ಫೋನ್ ಮಾಡೇ!"

"ಇಲ್ಲ ಅಕ್ಕ. ಮುಖಕ್ಕೆ ಮುಖ ಕೊಟ್ಟೇ ಹೇಳ್ಬೇಕು."

ಅವನು ಈಗ ಒಂದು ಪೇಂಟ್ ಅಂಗಡಿಯಲ್ಲಿ ಡಬ್ಬಿಗಳಲ್ಲಿ ಬಣ್ಣ ಕಲಸುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು.

"ಮುಖ್ಯಸ್ಥರಿಗೆ ಗೊತ್ತಾ?" ಅಂದ.

"ಬೆಳಿಗ್ಗೆನೇ ಬರೆದುಕೊಟ್ಟೆ. ಎಲ್ಲರ ಎದುರಿಗೆ ಓದಿಯೂ ಹೇಳ್ದೆ. ನಿಮ್ಮನ್ನ ವಾಪಸ್ ಕರೀತಾರೆ. ನನ್ನ ಕೆಲಸ ಉಳಿಯುತ್ತೋ ಇಲ್ವೋ ಗೊತ್ತಿಲ್ಲ."

ಅವನು ಬಣ್ಣದ ಡಬ್ಬಿಗೆ ಮುಚ್ಚಳ ಹಾಕಿದ.

"ಅವತ್ತು ಯಾಕೆ ಜಗಳ ಆಡ್ಲಿಲ್ಲ ನೀವು?"

"ಏನಂತ ಆಡ್ಲಿ? ನನಗಿಂತ ಜಾಸ್ತಿ ನಿಮ್ಮನ್ನ ನಂಬ್ತಿದ್ದೆ. ನನ್ನ ಕೈಯಲ್ಲೇ ಏನೋ ತಪ್ಪಾಗಿದೆ ಅಂದ್ಕೊಂಡೆ... ಮೂರು ತಿಂಗಳೂ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಮಾತಿಗೆ ಬಿಕ್ಕಿಬಿಕ್ಕಿ ಅತ್ತಳು.

"ಕ್ಷಮಿಸಿ ಅನ್ನೋಕೂ ನಂಗೆ ಯೋಗ್ಯತೆ ಇಲ್ಲ. ಆದ್ರೂ... ನೀವಂದ್ರೆ ನಂಗೆ ಪ್ರಾಣ. ಅದನ್ನೂ ಇವತ್ತೇ ಹೇಳ್ಬಿಡ್ತೀನಿ."

"ಅದನ್ನೂ ಎಲ್ಲರ ಎದುರಿಗೆ ಓದಿ ಹೇಳಿದ್ರಾ?"

"ಥೂ, ಹೋಗಿ ನೀವು!" ಅಳುವಿನ ನಡುವೆಯೇ ನಗು ಬಂತು.

ಅವನ ಕಣ್ಣೂ ಒದ್ದೆಯಾಗಿತ್ತು. "ನಂಗೂ ನೀವಂದ್ರೆ ಪ್ರಾಣಾನೇ. ಆದ್ರೆ ಕೋಪ ಇನ್ನೂ ಪೂರ್ತಿ ಹೋಗಿಲ್ಲ ಕಣ್ರೀ."

"ಹೋಗೋ ತನಕ ದಿನಾ ಬರ್ತೀನಿ."

"ಹೋದ್ಮೇಲೆ?"

"ಆಮೇಲೂ ಬರ್ತೀನಿ..."